ಮೂರು ಹಲ್ಲು ಹಿಂದಕ್ಕೆ

ಈ ಕಥೆಯನ್ನು ಆಶ್ರಮದ ಪುರಾಣದ ಸಭೆಯಲ್ಲಿ ಬೇರೆ ಥರ ಹೇಳುತ್ತಾರೆ. ಅದನ್ನು ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ಆ ದಿನ ಮೊಣಕೈತನಕ ಗ್ರೀಸು ಬಳಿದುಕೊಂಡಿದ್ದ ಶಿಷ್ಯನ ಬಾಯಿಂದಲೇ ನಾನು ಇದನ್ನು ಕೇಳಿದ್ದೇನೆ. ಅವನು ಹೇಳಿದ ಹಾಗೆಯೇ ಬರೆಯುತ್ತೇನೆ, ಹೂವು ಪತ್ರಿ ಏರಿಸುವುದಿಲ್ಲ.

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಒಂದು ತಗಡಿನ ಶೆಡ್ಡು.

ಗುರುಗಳು ಮೌನೇಶಜ್ಜ. ಮೌನ ಇದ್ದದ್ದು ಹೆಸರಿನಲ್ಲಷ್ಟೇ. ಕಾವಿ ಉಡುವ ಮೊದಲು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವರು. ಅಲ್ಲಿ ಕಲಿತ ಬೈಗುಳ ಬಿಟ್ಟಿದ್ದರು, ದನಿ ಬಿಟ್ಟಿರಲಿಲ್ಲ.

ಶಿಷ್ಯ ಯಮನೂರಪ್ಪ. ಎಂಟು ವರ್ಷದಿಂದ ಅಜ್ಜನ ಹತ್ತಿರ ಇದ್ದ. ಧ್ಯಾನಕ್ಕೆ ಕೂರುವುದನ್ನು ಕಲಿಸಿದವರೂ ಅವರೇ, ನಟ್ಟು ಬೋಲ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ಕಲಿಸಿದವರೂ ಅವರೇ.

ಶೆಡ್ಡಿನಲ್ಲಿ ಒಂದು ಹಳೆಯ ವ್ಯಾನಿತ್ತು. ಸೋಮವಾರ ಮತ್ತು ಗುರುವಾರ ದಂಡೆಯ ಹಳ್ಳಿಗಳಿಂದ ನಾಲ್ವರು ಕಿಡ್ನಿ ರೋಗಿಗಳನ್ನು ಹತ್ತಿಸಿಕೊಂಡು ಅರವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಒಯ್ಯುತ್ತಿತ್ತು. ಆ ಹಳ್ಳಿಗಳಿಗೆ ಮೊದಲ ಬಸ್ಸು ಬರುವುದೇ ಹತ್ತು ಗಂಟೆಗೆ. ಆಸ್ಪತ್ರೆಯಲ್ಲಿ ಇವರ ಪಾಳಿ ಎಂಟಕ್ಕೆ. ಪಾಳಿ ತಪ್ಪಿದರೆ ಯಂತ್ರ ಬೇರೆಯವರಿಗೆ ಹೋಗುತ್ತದೆ. ಇವರ ಉಸಿರು ಆ ವ್ಯಾನಿನ ಮೇಲೆ ನಿಂತಿತ್ತು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಎಂಜಿನ್ ಎಣ್ಣೆ ಕುಡಿಯಲು ಶುರು ಮಾಡಿತ್ತು. ಗುರುವಾರ ರೋಗಿಗಳನ್ನು ಮನೆಗೆ ಮುಟ್ಟಿಸಿ ಬಂದ ಮೇಲೆ ಬಿಚ್ಚಿದರು. ಪಿಸ್ಟನ್‌ಗಳಿಗೆ ಹೊಸ ರಿಂಗು ಹಾಕಿ, ಸೋಮವಾರ ಬೆಳಗಿನೊಳಗೆ ಮತ್ತೆ ಕಟ್ಟಬೇಕಿತ್ತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮುಖ್ಯವಾದ ಕೆಲಸ ಒಂದೇ ಉಳಿದಿತ್ತು, ಟೈಮಿಂಗ್ ಕೂಡಿಸುವುದು.

ಎಂಜಿನ್ ಗೊತ್ತಿಲ್ಲದವರಿಗೆ ಎರಡು ಮಾತು. ಕೆಳಗೆ ಕ್ರ್ಯಾಂಕ್ ಇರುತ್ತದೆ, ಅದು ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲೆ ಕ್ಯಾಮ್ ಇರುತ್ತದೆ, ಅದು ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಎರಡಕ್ಕೂ ಒಂದೊಂದು ಹಲ್ಲಿನ ಗಾಲಿ, ನಡುವೆ ಹಲ್ಲಿನ ಬೆಲ್ಟು. ಕೆಳಗಿನದು ಎರಡು ಸುತ್ತು ಬಂದರೆ ಮೇಲಿನದು ಒಂದು ಸುತ್ತು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವು ದಾರಿ ಬಿಟ್ಟಿರಬೇಕು. ಬಿಡದಿದ್ದರೆ ಎರಡೂ ಬಡಿದುಕೊಂಡು ವಾಲ್ವು ಬಾಗುತ್ತದೆ. ಹಾಗಾಗಬಾರದೆಂದೇ ಗಾಲಿಗಳ ಮೇಲೆ ಗುರುತು, ಎಂಜಿನ್ನಿನ ಮೈಮೇಲೆ ಗೆರೆ ಕೊಟ್ಟಿರುತ್ತಾರೆ. ಗುರುತನ್ನು ಅದರ ಗೆರೆಗೆ ತಂದು ಬೆಲ್ಟು ಹಾಕಬೇಕು.

ಯಮನೂರ ಕೆಳಗಿನ ಗಾಲಿಯನ್ನು ಅದರ ಗೆರೆಗೆ ತಂದ. ಮೇಲಿನ ಗಾಲಿಯ ಚುಕ್ಕಿಯನ್ನು ಅದರ ಗೆರೆಗೆ ತಂದ. ಬೆಲ್ಟು ಏರಿಸಿ ಬಿಗಿ ಮಾಡಿ ಅಜ್ಜನನ್ನು ಕರೆದ.

"ಅಜ್ಜಾರ, ಕೂಡಿಸೀನ್ರಿ. ಒಮ್ಮೆ ನೋಡ್ರಿ."

ಅಜ್ಜ ಹೆಗಲ ಮೇಲೆ ಒಣ ಪಂಚೆ ಹಾಕಿಕೊಂಡು ಹೊಳೆಗೆ ಹೊರಟಿದ್ದರು. ಬಂದು ಬಗ್ಗಿ ನೋಡಿದರು.

"ಯಾವುದಕ್ಕ ಕೂಡಿಸಿದಿ?"

"ಚುಕ್ಕಿಗೆ ರೀ."

"ಚುಕ್ಕಿಗಲ್ಲೋ. ಕಚ್ಚಿಗೆ. ಇಲ್ನೋಡು, ಇಲ್ಲಿ ಕಚ್ಚು ಐತಿ."

ಮೇಲಿನ ಗಾಲಿಯ ಮೇಲೆ ಎರಡೂ ಇದ್ದವು. ಒಂದು ಸಣ್ಣ ಚುಕ್ಕಿ, ಅದರಿಂದ ಮೂರು ಹಲ್ಲು ಆಚೆಗೆ ಒಂದು ಕಚ್ಚು.

ಯಮನೂರ ನೆಲ ನೋಡುತ್ತ ಹೇಳಿದ.

"ಬಿಚ್ಚುವಾಗ ಚುಕ್ಕಿ ಇತ್ತು ಅನಸ್ತೈತ್ರಿ."

"ಮೂವತ್ತು ವರ್ಷ ಕಚ್ಚಿಗೇ ಕೂಡಿಸೀನಿ ನಾನು. ಮೂರು ಹಲ್ಲು ಹಿಂದಕ್ಕ ಸರಸು."

ಯಮನೂರ ಬಾಯಿ ಮುಚ್ಚಿದ.

ಅವನಿಗೆ ಅನಿಸಿದ್ದಲ್ಲ, ಗೊತ್ತಿತ್ತು. ಗುರುವಾರ ಬೆಲ್ಟು ತೆಗೆಯುವ ಮೊದಲು ಪಿಸ್ಟನ್ ಮೇಲೆ ತಂದು, ಗಾಲಿ ಒರೆಸಿ, ಚುಕ್ಕಿ ಗೆರೆಗೆ ನಿಂತಿದ್ದನ್ನು ಕಣ್ಣಾರೆ ನೋಡಿದ್ದ. ಸರಿಯಾಗಿ ಮಾಡಿದ ಕೆಲಸವನ್ನು ತಪ್ಪು ಎನ್ನಿಸಿಕೊಂಡು ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಆಶ್ರಮದಲ್ಲಿ ಒಂದು ನೇಮವಿತ್ತು. ಗುರುವಿನ ಹತ್ತಿರ ಒಂದು ಸಲ ಕೇಳಬಹುದು, ಎರಡನೆಯ ಸಲ ಕೇಳಬಾರದು. ಬಂದ ಮೊದಲ ದಿನವೇ ಹಿರಿಯ ಶಿಷ್ಯರು ಅದನ್ನು ಹೊಸಬರ ಕಿವಿಗೆ ಹಾಕುತ್ತಿದ್ದರು. ಯಾರು ಮಾಡಿದ ನೇಮ, ಯಾವಾಗ ಮಾಡಿದ್ದು ಎಂದು ಒಬ್ಬನೂ ವಿಚಾರಿಸಿರಲಿಲ್ಲ.

ಅವನು ಬೆಲ್ಟು ಸಡಿಲಿಸಿ ಮೂರು ಹಲ್ಲು ಹಿಂದಕ್ಕೆ ಸರಿಸಿದ. ಕಚ್ಚು ಗೆರೆಗೆ ಬಂತು.

"ಹಾಂ, ಈಗ ಸರಿ ಆತು," ಎಂದರು ಅಜ್ಜ. "ಚಾವಿ ಹಾಕೋಕಿಂತ ಮುಂಚೆ ಕೈಲೆ ಎರಡು ಸುತ್ತು ತಿರುಗಸು. ಎರಡು ಬೆರಳಿನ ಬಲ ಸಾಕು. ಏನರ ಅಡ್ಡ ಬಂತಂದ್ರ ಅಲ್ಲೇ ನಿಲ್ಲಸು."

"ಹೌದ್ರಿ ಅಜ್ಜಾರ."

ಅಜ್ಜ ಹೊಳೆಗೆ ಇಳಿದರು.

ಯಮನೂರ ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ನಿಧಾನವಾಗಿ ತಿರುಗಿಸಿದ. ಅರ್ಧ ಸುತ್ತು ಬಂತು. ಇನ್ನೊಂದಿಷ್ಟು ಬಂತು. ಆಮೇಲೆ ನಿಂತಿತು.

ಅವನು ಪಾನಾ ಸ್ವಲ್ಪ ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ಒತ್ತಿದ. ಅದೇ ಜಾಗದಲ್ಲಿ ಮತ್ತೆ ನಿಂತಿತು. ಬಿಗಿಯಾಗಿ ಎಳೆಯುತ್ತಿದ್ದರೆ ಅದು ಬೇರೆ ಮಾತು. ಇದು ಗೋಡೆಗೆ ಬಂದು ನಿಂತ ಹಾಗೆ ನಿಂತಿತ್ತು.

ಎಂಟು ವರ್ಷ ಪಾನಾ ಹಿಡಿದ ಕೈ ಅವನದು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದು ಆ ಕೈಗೆ ತಿಳಿಯಿತು.

ಆಗ ಅವನು ಏನು ಮಾಡಬೇಕಿತ್ತು? ಪಾನಾ ಕೆಳಗಿಟ್ಟು ಹೊಳೆಗೆ ಓಡಬೇಕಿತ್ತು. ಇನ್ನೂರು ಹೆಜ್ಜೆ ದೂರ.

ಅವನು ಓಡಲಿಲ್ಲ. ಅಜ್ಜಾರು ಹೇಳಿದ್ದು ತಪ್ಪಾಗುವುದುಂಟೇ ಎಂದು ತನಗೆ ತಾನೇ ಹೇಳಿಕೊಂಡ. ಹೊಸ ರಿಂಗು, ಬಿಗಿ ಇರುತ್ತವೆ ಎಂದುಕೊಂಡ. ಕೈಗೆ ತಿಳಿದದ್ದನ್ನು ತಲೆ ಒಪ್ಪದಂತೆ ಮಾಡಲು ಎಷ್ಟು ಕಾರಣ ಬೇಕೋ ಅಷ್ಟನ್ನೂ ಹುಡುಕಿಕೊಂಡ.

ಮೂಲೆಯಲ್ಲಿ ಒಂದು ನೀರಿನ ಪೈಪಿನ ತುಂಡು ಬಿದ್ದಿತ್ತು. ಅದನ್ನು ತಂದು ಪಾನಾದ ಹಿಡಿಕೆಗೆ ತೊಡಿಸಿದ. ಹಿಡಿಕೆ ಉದ್ದವಾದಷ್ಟೂ ಬಲ ಹೆಚ್ಚು. ಮೈ ಭಾರವನ್ನೆಲ್ಲ ಹಾಕಿ ಒತ್ತಿದ.

ಕಟ್ ಎಂದಿತು.

ಆಮೇಲೆ ಗಾಲಿ ಸಲೀಸಾಗಿ ತಿರುಗಿತು.

ಅಜ್ಜ ಒದ್ದೆ ಮೈಯಲ್ಲೇ ದಂಡೆ ಹತ್ತಿ ಬರುತ್ತಿದ್ದರು. ಶಬ್ದ ಅವರಿಗೂ ಕೇಳಿಸಿತ್ತು.

"ಏನದು?"

ಅಜ್ಜನ ಕಣ್ಣು ಪೈಪಿನ ಮೇಲೆ ಬಿತ್ತು.

"ಪೈಪ್ ಯಾಕ ಹಾಕಿದಿ?"

"ಬಿಗಿ ಇತ್ರಿ."

"ಬಿಗಿ ಇತ್ತೋ, ಅಡ್ಡ ಬಂದಿತ್ತೋ?"

ಯಮನೂರ ಪೈಪನ್ನು ಪಾನಾದಿಂದ ಕಳಚಿದ.

"ಯಮನೂರ! ನಿನ್ನ ಕೈಗೆ ಏನು ತಿಳೀತು ಹೇಳು."

"ಅಡ್ಡ ಬಂದಿತ್ರಿ."

"ತಿಳಿದ ಮ್ಯಾಲೂ ಪೈಪ್ ಹಾಕಿದಿ?"

"ನೀವು ಸರಿ ಆತು ಅಂದಿದ್ರಿ, ಅಜ್ಜಾರ."

ಅಜ್ಜನ ಮುಖ ಕೆಂಪಾಯಿತು. ಅವರು ಹೆಗಲ ಮೇಲಿನ ಒದ್ದೆ ಪಂಚೆಯನ್ನು ನೆಲಕ್ಕೆ ಎಸೆದು, ಮೊಣಕಾಲೂರಿ ಕೂತು, ಗಾಲಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಚುಕ್ಕಿ ನೋಡಿದರು. ಕಚ್ಚು ನೋಡಿದರು. ಬಹಳ ಹೊತ್ತು ನೋಡಿದರು.

"ಬಿಚ್ಚುವಾಗ ಯಾವುದಿತ್ತು ಗೆರಿಗೆ?"

"ಚುಕ್ಕಿ ರೀ."

"ಅನಸ್ತೈತೋ, ನೋಡಿದ್ದೋ?"

"ನೋಡಿದ್ದೆ. ಒರೆಸಿ ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

ಇಷ್ಟು ಹೊತ್ತು ಅದುಮಿಟ್ಟಿದ್ದ ಸಿಟ್ಟು ಯಮನೂರನಲ್ಲಿ ಸಿಡಿಯಿತು. ಎಂಟು ವರ್ಷದಲ್ಲಿ ಮೊದಲ ಸಲ ಅವನು ಗುರುವಿನ ಮುಂದೆ ದನಿ ಏರಿಸಿದ.

"ಹೇಳಿದ್ನಲ್ರಿ! ಚುಕ್ಕಿ ಇತ್ತು ಅಂತ ಹೇಳಿದ್ನಲ್ಲ! ನೀವಽ ಮೂವತ್ತು ವರ್ಷ ಅಂದ್ರಿ. ನನ್ನ ಮಾತು ನಿಮ್ಮ ಕಿವಿಗೆ ಹೋಗಲಿಲ್ಲ. ಮಾಡಿದ ಕೆಲಸ ಕೆಡಿಸಿದವರು ನೀವು, ಈಗ ನನ್ನ ಮ್ಯಾಲೆ ಸಿಟ್ಟು ಮಾಡಾಕತ್ತೀರಿ!"

"ಒಮ್ಮೆ ಹೇಳಿದಿ. ಅದೂ ನೆಲ ನೋಡಿ."

"ಎರಡನೇ ಸಲ ಕೇಳಬಾರದು ಅಂತ ನೇಮ ಐತಲ್ರಿ!"

"ಯಾರ್ ಮಾಡಿದ್ದು ಆ ನೇಮ?"

"ನೀವೇ ಅಂತ್ರಿ."

"ನಾನಾ?"

ಅಜ್ಜ ಎದ್ದು ನಿಂತು ನೆನಪು ಮಾಡಿಕೊಂಡರು. ಆಮೇಲೆ ಹಣೆ ಚಚ್ಚಿಕೊಂಡರು.

"ಲೇ, ಅದು ಹೋಳಿಗಿಗೆ ಹೇಳಿದ್ದೋ! ಹುಣ್ಣಿಮಿ ದಿನ ಮಂದಿ ಜಾಸ್ತಿ ಬಂದಿದ್ರು, ಹೋಳಿಗಿ ಕಡಿಮಿ ಇದ್ದೂವು. ಒಂದು ಸಲ ಕೇಳ್ರಿ, ಎರಡನೇ ಸಲ ಕೇಳಬ್ಯಾಡ್ರಿ ಅಂದಿದ್ದೆ. ಅದನ್ನ ತಂದು ಎಂಜಿನ್ನಿಗೆ ಹಚ್ಚಿದ್ರೇನು?"

ನಗಬೇಕಾದ ಮಾತು. ಇಬ್ಬರೂ ನಗಲಿಲ್ಲ.

ಗುರುವಿಗೆ ಎದುರು ಮಾತಾಡಿದ್ದಕ್ಕೆ ಯಮನೂರನಿಗೆ ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಗುರುಗಳು ತಪ್ಪಿದ್ದಾರೆ ಎಂಬುದನ್ನು ಹೊರಲು ಅವನಿಗೆ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನ ಮುಖ ಹಗುರಾಯಿತು. ಅವನಿಗೊಂದು ದಾರಿ ಕಂಡಿತ್ತು.

"ಅಜ್ಜಾರ, ತಿಳೀತ್ರಿ. ನೀವು ಬೇಕಂತಲೇ ಹಂಗ ಹೇಳಿದ್ರಿ."

"ಏನಂದಿ?"

"ನನ್ನ ಪರೀಕ್ಷೆ ಮಾಡಿದ್ರಿ. ನಾ ಧೈರ್ಯ ಮಾಡಿ ಸತ್ಯ ಹೇಳತೀನೋ ಇಲ್ಲೋ ಅಂತ. ನಾ ಅದರಾಗ ನಪಾಸಾದೆ."

ಹೀಗೆ ಹೇಳಿ ಅವನು ಅಜ್ಜನ ಕಾಲಿಗೆ ಬಗ್ಗಿದ.

ಅಜ್ಜ ಕಾಲು ಹಿಂದಕ್ಕೆ ಎಳೆದುಕೊಂಡರು. ಆಗ ಅವರು ಕೂಗಿದ ಕೂಗು ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತಂತೆ.

"ಪರೀಕ್ಷೆ? ನಾಲ್ಕು ಮಂದಿ ಜೀವ ಇಟ್ಟು ನಿನ್ನ ಪರೀಕ್ಷೆ ಮಾಡತೀನೇನು ನಾನು? ನನ್ನ ಅಷ್ಟು ನೀಚ ಅಂತ ತಿಳಿದಿಯೇನು?"

"ಇಲ್ರಿ, ಅಜ್ಜಾರ..."

"ತಪ್ಪಿದ್ದೀನಿ! ಡಿಪೋದಾಗಿನ ಎಂಜಿನ್ನಿಗೆ ಕಚ್ಚು ಇತ್ತು. ಆ ಎಂಜಿನ್ ಬ್ಯಾರೆ, ಈ ಎಂಜಿನ್ ಬ್ಯಾರೆ. ಬಗ್ಗಿದೆ, ಆದರ ನೋಡಲಿಲ್ಲ. ಮೊದಲಿನ ನೆನಪಿನ ಮ್ಯಾಲೆ ಹೇಳಿಬಿಟ್ಟೆ. ಇದು ನನ್ನ ತಪ್ಪು. ಇದಕ್ಕ ಬ್ಯಾರೆ ಹೆಸರು ಇಡಬ್ಯಾಡ."

"ಗುರುಗಳು ತಪ್ಪಂಗಿಲ್ರಿ."

"ತಪ್ಪಂಗಿಲ್ಲ ಅಂತ ನಂಬಿದ್ದಕ್ಕಽ ಪೈಪ್ ಹಾಕಿದಿ. ಹೆಡ್ ಇಳಸು. ಎಷ್ಟು ವಾಲ್ವು ಬಾಗ್ಯಾವ ನೋಡೂಣು."

ಸಂಜೆಯೊಳಗೆ ಹೆಡ್, ಅಂದರೆ ವಾಲ್ವುಗಳು ಕೂತಿರುವ ಎಂಜಿನ್ನಿನ ಮೇಲ್ಭಾಗ, ಇಳಿಸಿದರು. ಎರಡು ವಾಲ್ವು ಬಾಗಿದ್ದವು. ಭಾನುವಾರ, ಅಂಗಡಿ ಮುಚ್ಚಿತ್ತು. ಆ ವಾಲ್ವು ಎಲ್ಲ ಅಂಗಡಿಯಲ್ಲಿ ಸಿಗುವಂಥದ್ದೂ ಅಲ್ಲ. ಸೋಮವಾರ ವ್ಯಾನು ಹೊರಡುವ ಮಾತೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಐದೂವರೆಗೆ ಮೌನೇಶಜ್ಜ ಡಾಂಬರು ರಸ್ತೆಯಲ್ಲಿ ನಿಂತರು. ಯಾರ ಮನೆ ಬಾಗಿಲಿಗೂ ಹೋಗಿ ಏನನ್ನೂ ಬೇಡಿದವರಲ್ಲ. ಅವತ್ತು ಬರುವ ಪ್ರತಿಯೊಂದು ಗಾಡಿಗೂ ಕೈ ಮುಗಿದರು. ಎರಡು ಕಾರು ನಿಲ್ಲದೆ ಹೋದವು. ಮೂರನೆಯದರವರು ಕಿಟಕಿ ಇಳಿಸಿ, ಹತ್ತು ರೂಪಾಯಿ ಕೊಟ್ಟು, ನಮಸ್ಕಾರ ಮಾಡಿ ಹೋದರು. ಕೊನೆಗೆ ಎಂಟರ ಸುಮಾರಿಗೆ ಒಂದು ಭತ್ತದ ಲಾರಿ ನಿಂತಿತು.

ಹೇಳಿಕಳಿಸಿದ್ದರಿಂದ ರಸ್ತೆಗೇ ಬಂದಿದ್ದ ನಾಲ್ವರು ರೋಗಿಗಳನ್ನು ಯಮನೂರ ಎತ್ತಿ ಎತ್ತಿ ಲಾರಿಗೆ ಹತ್ತಿಸಿದ. ಇಬ್ಬರು ಕ್ಯಾಬಿನ್ನಿನಲ್ಲಿ, ಇಬ್ಬರು ಭತ್ತದ ಚೀಲದ ಮೇಲೆ. ಚೀಲದ ಮೇಲೆ ಕೂತವರಲ್ಲಿ ಒಬ್ಬಳು ಹುಲಿಗೆವ್ವ. ವಯಸ್ಸು ಐವತ್ತೈದು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಾರಿ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಅವಳು ಲಾರಿ ಹೊರಡುವ ತನಕ ಅಜ್ಜನ ಮುಖವನ್ನೇ ನೋಡಿದಳು.

ಸಂಜೆ ಪ್ರಾರ್ಥನೆಗೆ ಮೂವತ್ತು ಮಂದಿ ಭಕ್ತರು ಸೇರಿದ್ದರು. ಅಜ್ಜ ಎದ್ದು ನಿಂತು, ನಡೆದದ್ದನ್ನೆಲ್ಲ ಹೇಳಿದರು. ಕಚ್ಚು, ಚುಕ್ಕಿ, ಮೂರು ಹಲ್ಲು, ಎರಡು ವಾಲ್ವು. ಒಂದನ್ನೂ ಮುಚ್ಚಿಡಲಿಲ್ಲ.

ಭಕ್ತರು ಭಕ್ತಿಯಿಂದ ನಕ್ಕರು. ಒಬ್ಬರು ಕೈ ಮುಗಿದು ಹೇಳಿಯೇಬಿಟ್ಟರು.

"ನಿಮ್ಮ ಲೀಲೆ ನಮಗೆಲ್ಲಿ ತಿಳೀಬೇಕ್ರಿ ಅಜ್ಜಾರ. ಅದರಾಗ ಏನೋ ಒಳ್ಳೇದು ಇದ್ದಽ ಇರತೈತಿ."

"ಹೌದ್ಹೌದು," ಎಂದರು ಉಳಿದವರು.

ನನಗೆ ತಲೆ ಕೆಟ್ಟದ್ದು ಇಲ್ಲೇ. ಒಬ್ಬ ಮನುಷ್ಯ ಎದ್ದು ನಿಂತು ನಾನು ತಪ್ಪಿದ್ದೇನೆ ಎನ್ನುತ್ತಾನೆ. ಅವನನ್ನು ತಪ್ಪಲಿಕ್ಕೂ ಬಿಡುವುದಿಲ್ಲವೆಂದರೆ ಇದೆಂಥ ಭಕ್ತಿ?

ಅಜ್ಜನ ಕುತ್ತಿಗೆಯ ನರ ಉಬ್ಬಿತು.

"ಲೀಲೆ ಅಂದವರು ಹುಲಿಗೆವ್ವನ ಮುಂದ ನಿಂತು ಅನ್ರಿ. ನಾ ಕೇಳತೀನಿ," ಎಂದು ಎದ್ದುಹೋದರು. ಅವತ್ತು ಮಂಗಳಾರತಿಯಾಗಲಿಲ್ಲ.

ಹುಲಿಗೆವ್ವ ಮಂಗಳವಾರ ತಾನೇ ಬಂದಳು.

ಕೋಲೂರಿಕೊಂಡು ಬಂದಳು. ಬೇವಿನ ಕಟ್ಟೆಯ ಮೇಲೆ ಕೂತು ಉಸಿರು ತೆಗೆದುಕೊಂಡಳು. ಯಮನೂರ ನೀರು ತಂದ. ಅವಳು ಗಂಟಲು ಒದ್ದೆಯಾಗುವಷ್ಟೇ ಕುಡಿದಳು, ಕಿಡ್ನಿ ಕೆಟ್ಟ ಅವಳಿಗೆ ನೀರೂ ಲೆಕ್ಕದ್ದೇ. ಅಜ್ಜ ಬಂದು ಎದುರು ನಿಂತರು.

"ಅಜ್ಜಾರ, ನಿನ್ನೆ ನಾವು ಮುಟ್ಟಿದ್ದು ಹತ್ತೂವರೆಗೆ. ಉಳದ ಮೂವರಿಗೆ ಹೆಂಗೋ ಮಧ್ಯಾಹ್ನ ಮಷೀನ್ ಸಿಕ್ತು. ನಂದು ಬ್ಯಾರೆಯವರಿಗೆ ಹಚ್ಚಿದ್ರು. ಸಂಜಿ ಆರರ ತನಕ ಬಾಕಿನ ಮ್ಯಾಲೆ ಕುಂತೀನಿ, ಆಮ್ಯಾಲೆ ಸಿಕ್ತು. ಮಲಗಿದ್ರ ಉಸರು ಹತ್ತವಲ್ದು, ಕುಂತ್ರ ಕಾಲು ಬಾಯತಾವ. ನೀರಿನ್ಯಾಗ ಮುಳುಗಿದಂಗ ಆಗಿತ್ರಿ, ಒಣ ನೆಲದ ಮ್ಯಾಲೆ."

"ಹೌದವ್ವಾ."

"ಯಾಕ ಹಿಂಗಾತು? ಮಂದಿ ಏನೇನೋ ಅಂತಾರ. ನೀವು ಹೇಳ್ರಿ."

"ನಾ ತಪ್ಪು ಹೇಳಿದೆ. ಇಂವಗ ಸರಿ ಗೊತ್ತಿತ್ತು, ಸುಮ್ಮನಾದ."

ಅವಳು ಯಮನೂರನ ಕಡೆ ತಿರುಗಿದಳು.

"ಗೊತ್ತಿತ್ತೇನೋ ತಮ್ಮಾ?"

"ಗೊತ್ತಿತ್ತು, ಯವ್ವಾ."

"ಮತ್ತ ಯಾಕ ಸುಮ್ಮನಾದಿ?"

"ಗುರುಗಳಿಗೆ ಹೆಂಗ ಎದುರು ಮಾತಾಡೋದು ಅಂತ..."

ಹುಲಿಗೆವ್ವ ಕೋಲನ್ನು ಕಟ್ಟೆಗೆ ಕುಟ್ಟಿದಳು.

"ಅಂವ ಗುರು, ನೀ ಶಿಷ್ಯ. ಭಾಳ ಚಲೋ. ಹಂಗಽ ಇರ್ರಿ ಇಬ್ಬರೂ. ನಿಮ್ಮಿಬ್ಬರ ನಡುವ ನಾ ಯಾಕ ಸಾಯಬೇಕು?"

ಯಮನೂರ ತಲೆ ತಗ್ಗಿಸಿದ.

"ತಲಿ ಯಾಕ ತಗ್ಗಸ್ತಿ? ತಲಿ ತಗ್ಗಿಸಿ ತಗ್ಗಿಸಿನಽ ಈ ಗತಿ ಮಾಡಿದಿ. ನನ್ನ ನೋಡಿ ಮಾತಾಡು."

ಅವನು ತಲೆ ಎತ್ತಿದ. ಅವಳ ಕಣ್ಣಿನ ಕೆಳಗೆ ಇನ್ನೂ ಬಾವು ಇತ್ತು. ಅದನ್ನು ನೋಡುತ್ತ ನಿಲ್ಲುವುದು ಗುರುಗಳ ಬೈಗುಳಕ್ಕಿಂತ ಕಷ್ಟವಾಗಿತ್ತು ಎಂದು ಅವನು ನನಗೆ ಹೇಳಿದ.

"ನಂದು ತಪ್ಪಾತು, ಯವ್ವಾ."

"ಗುರುವಾರ ಗಾಡಿ ಬರತೈತೇನು?"

"ಬರತೈತಿ."

"ಯಾರು ಹೇಳಾಕತ್ತಾರ, ನೀನೋ ನಿಮ್ಮ ಅಜ್ಜಾರೋ?"

ಯಮನೂರ ಅಭ್ಯಾಸಬಲದಿಂದ ಅಜ್ಜನ ಕಡೆ ನೋಡಿದ. ಅಜ್ಜ ಬೇಕೆಂದೇ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದರು.

"ನಾ ಹೇಳಾಕತ್ತೀನಿ," ಎಂದ ಯಮನೂರ.

"ನಿನ್ನ ಮಾತಿನ ಮ್ಯಾಲೆ ನನಗ ನಂಬಿಗಿ ಇಲ್ಲ," ಎಂದಳು ಹುಲಿಗೆವ್ವ. "ನಾಳೆ ಬಂದು ಕುಂದ್ರತೀನಿ. ಕಣ್ಣಾರೆ ನೋಡಿದ ಮ್ಯಾಲೆ ಹೇಳತೀನಿ."

ಅವಳು ಹೋದ ಮೇಲೆ ಅಜ್ಜ ಕಟ್ಟೆಯ ಮೇಲೆ ಕೂತರು. ಯಮನೂರ ಹತ್ತಿರ ಬಂದು ನಿಂತ.

"ಅಜ್ಜಾರ, ಒಂದು ಕೇಳಲೇನ್ರಿ?"

"ಹತ್ತು ಕೇಳು."

"ನೀವು ತಪ್ಪು ಹೇಳೋದಾದ್ರ, ನಾ ನಿಮ್ಮನ್ನ ಯಾಕ ಕೇಳಬೇಕು?"

ಆ ಪ್ರಶ್ನೆಯಲ್ಲಿ ಇನ್ನೂ ಸಿಟ್ಟಿತ್ತು. ಅಜ್ಜನಿಗೆ ಅದು ತಿಳಿಯಿತು.

"ಪಾನಾ ಕೊಡು ಇತ್ತ," ಎಂದರು.

ಯಮನೂರ ಕೊಟ್ಟ.

ಅಜ್ಜ ಪಾನಾವನ್ನು ಅವನ ಕೈಗೇ ವಾಪಸ್ ಇಟ್ಟು, ಅವನ ಬೆರಳುಗಳನ್ನು ಅದರ ಸುತ್ತ ಮುಚ್ಚಿದರು.

"ಭಾನುವಾರ ಇದಕ್ಕ ಸರಿ ತಿಳಿದಿತ್ತು. ಈ ಕೈಗೆ ಕಲಿಸಿದವರು ಯಾರು?"

"ನೀವೇ ರೀ."

"ಎಂಟು ವರ್ಷ ಕಲಿಸಿದ್ದನ್ನ ಬಿಟ್ಟು, ಒಂದು ಗಳಿಗಿ ತಪ್ಪು ಹೇಳಿದ್ದನ್ನ ಹಿಡಿದಿ."

ಯಮನೂರನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಅವನು ಮತ್ತೆ ಶೆಡ್ಡಿಗೆ ಹೋದ.

ಬುಧವಾರ ಬೆಳಿಗ್ಗೆ ವಾಲ್ವು ಬಂದವು. ಹೆಡ್ಡಿಗೆ ಕೂಡಿಸಿ, ಕೂರುವ ಜಾಗಕ್ಕೆ ಹೊಂದುವಂತೆ ಅರೆದು, ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಲೇರಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು.

ಹುಲಿಗೆವ್ವ ಹನ್ನೊಂದಕ್ಕೇ ಬಂದಿದ್ದಳು. ವ್ಯಾನಿನಿಂದ ಬಿಚ್ಚಿಟ್ಟ ಸೀಟಿನ ಮೇಲೆ ಶೆಡ್ಡಿನ ಬಾಗಿಲಲ್ಲೇ ಕೂತಿದ್ದಳು. ಊಟಕ್ಕೆ ಕರೆದರೆ ಬೇಡವೆಂದಳು. ಪ್ರಸಾದ ಎಂದರು, ಗಾಡಿ ಶುರುವಾಗಲಿ ಎಂದಳು.

ಯಮನೂರ ಕೆಳಗಿನ ಗಾಲಿಯನ್ನು ಗೆರೆಗೆ ತಂದ. ಮೇಲಿನ ಗಾಲಿಯನ್ನು ತಿರುಗಿಸಿ, ಚುಕ್ಕಿಯನ್ನು ಗೆರೆಗೆ ತಂದ. ಬೆಲ್ಟು ಏರಿಸಿದ.

"ಅಜ್ಜಾರ, ನೋಡ್ರಿ ಒಮ್ಮೆ," ಎಂದ.

ಅಜ್ಜ ಬಂದರು. ಈ ಸಲ ಕನ್ನಡಕ ಹಾಕಿಕೊಂಡಿದ್ದರು. ಬಗ್ಗಿ ಎರಡೂ ಗಾಲಿಗಳನ್ನು ನೋಡಿದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಎದ್ದು ಪಕ್ಕಕ್ಕೆ ನಿಂತರು.

"ಸರಿ ಐತೇನ್ರಿ?"

ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸತೊಡಗಿದರು.

ಯಮನೂರನಿಗೆ ಮತ್ತೆ ರೇಗಿತು. ಮೊನ್ನೆ ನೋಡದೆ ಹೇಳಿದವರು ಇವತ್ತು ನೋಡಿದರೂ ಹೇಳುತ್ತಿಲ್ಲವಲ್ಲ ಎಂದು ಗೊಣಗಿದ. ಅದನ್ನು ಬಾಯಿಬಿಟ್ಟೇ ಗೊಣಗಿದ. ಆಮೇಲೆ ಬೋಲ್ಟಿಗೆ ಪಾನಾ ಹಾಕಿ ಎರಡು ಬೆರಳಿನಿಂದ ತಿರುಗಿಸಲು ಶುರು ಮಾಡಿದ.

ಅರ್ಧ ಸುತ್ತು. ಮುಕ್ಕಾಲು.

ಹುಲಿಗೆವ್ವ ಕೋಲು ಹಿಡಿದು ಮುಂದಕ್ಕೆ ಬಾಗಿದಳು.

ಒಂದು ಸುತ್ತು. ಒಂದೂವರೆ. ಎರಡು.

ಎಲ್ಲೂ ತಾಗಲಿಲ್ಲ. ಚುಕ್ಕಿ ಸುತ್ತಿ ಬಂದು ಮತ್ತೆ ಅದೇ ಗೆರೆಗೆ ನಿಂತಿತು. ಕೆಳಗಿನ ಗುರುತೂ ತನ್ನ ಗೆರೆಗೆ ನಿಂತಿತ್ತು. ಖಾತ್ರಿಗೆ ಇನ್ನೂ ಎರಡು ಸುತ್ತು ತಿರುಗಿಸಿದ. ಮತ್ತೆ ಅದೇ ಜಾಗ.

ಉಳಿದದ್ದನ್ನೆಲ್ಲ ಕಟ್ಟಿ, ಎಣ್ಣೆ ಹಾಕಿ, ನೀರು ತುಂಬಿ, ಬ್ಯಾಟರಿಯ ವಯರು ಸಿಕ್ಕಿಸುವ ಹೊತ್ತಿಗೆ ಐದು ಗಂಟೆ. ಯಮನೂರ ಕೈ ಒರೆಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತು ಚಾವಿ ಹಾಕಿದ.

ಹಾಕಿದ, ತಿರುಗಿಸಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಅಜ್ಜನನ್ನೇ ನೋಡುತ್ತ ಕೂತ.

ಅಜ್ಜನ ಮುಖ ಭಾನುವಾರದ ಹಾಗೆಯೇ ಕೆಂಪಾಯಿತು.

"ಚುಕ್ಕಿ ಗೆರಿಗೆ ಬಂತ?"

"ಬಂತ್ರಿ."

"ಕೈಲೆ ತಿರುಗಿಸಿದೇನು?"

"ನಾಲ್ಕು ಸುತ್ತು ತಿರುಗಿಸೀನ್ರಿ."

"ಅಡ್ಡ ಬಂತೇನು?"

"ಇಲ್ರಿ."

"ಹಂಗಾದ್ರ ನನ್ನ ಮಾರಿ ಏನು ನೋಡಾಕತ್ತಿ? ಆಕಿ ಮಾರಿ ನೋಡು, ಚಾವಿ ತಿರುವು."